ಸುದ್ದಿಮನೆಯ ಹೊಸ್ತಿಲಲ್ಲಿ ನಿಂತವರು

ಕುಮಟಾ ಅಂದರೆ ಒಂದು ಕಾಲಕ್ಕೆ ಹತ್ತಿಯ ಹೆಸರು. ಧಾರವಾಡ ಸೀಮೆಯಲ್ಲಿ ಬೆಳೆದ ಹತ್ತಿ ಎತ್ತಿನ ಬೆನ್ನ ಮೇಲೆ, ಆಮೇಲೆ ಗಾಡಿಗಳಲ್ಲಿ ಘಟ್ಟ ಇಳಿದು ಈ ಬಂದರಿಗೆ ಬರುತ್ತಿತ್ತು. ಇಲ್ಲಿಂದ ಮಚವೆ ಹತ್ತಿ ಮುಂಬಯಿಗೆ, ಮುಂಬಯಿಯಿಂದ ಲಿವರ್‌ಪೂಲಿಗೆ. ೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ಗುಲಾಮಗಿರಿಯ ಮೇಲೆ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತುಹೋದಾಗ ನಮ್ಮ ನಾಡಿನ ಹತ್ತಿಗೆ ಬಂಗಾರದ ಬೆಲೆ ಬಂತು. ‘ಕುಮಟಾ’ ಎಂಬ ಹೆಸರು ಇಂಗ್ಲೆಂಡಿನ ಸಾಹುಕಾರರ ಬೆಲೆಪಟ್ಟಿಯಲ್ಲಿ ಅಚ್ಚಾಗತೊಡಗಿತು. ಅದೇ ಹೊತ್ತಿಗೆ, ೧೮೬೨ರಲ್ಲಿ, ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಇಲಾಖೆಗೆ ಸೇರಿಸಿದರು. ಮುಂಬಯಿ ವ್ಯಾಪಾರಿಗಳ ಹತ್ತಿಯ ಆಸೆಯೂ ಅದರ ಹಿಂದಿತ್ತು. ಸಮುದ್ರದಾಚೆಯ ಬೆಲೆ ಏರಿತೋ ಇಳಿಯಿತೋ ಎನ್ನುವುದು ಬಂದರಿನ ದಲ್ಲಾಳಿಗೆ ತಿಳಿಯುತ್ತಿತ್ತು. ಅಂಡಿಗೆ ಹೊತ್ತು ದೋಣಿಗೆ ಹಾಕಿದವನ ಹೆಸರು ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ. ಅವನು ಮುಕ್ರಿಯೋ, ಹಳ್ಳೇರನೋ, ಅಂಬಿಗನೋ, ಯಾರಿಗೆ ಗೊತ್ತು?

ವಾರಪತ್ರಿಕೆಯೊಂದರ ಆನ್‌ಲೈನ್ ಸುದ್ದಿಮನೆಯ ಬಗ್ಗೆ ಬರೆಯಲು ಕೂತವನು ಹತ್ತಿಯಿಂದ ಯಾಕೆ ಶುರು ಮಾಡಿದ ಅಂತ ನೀವು ಕೇಳಬಹುದು. ಕಾರಣ ಇಷ್ಟೇ. ಇವತ್ತು ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ಎಲ್ಲರ ಕೈಯಲ್ಲೂ ಮೊಬೈಲು ಇದೆ, ಸುದ್ದಿ ಎಲ್ಲರದೂ ಆಗಿಬಿಟ್ಟಿದೆ ಎಂಬ ಮಾತು ಕೇಳುತ್ತಿದ್ದೇವೆ. ಇಂಥ ಮಾತನ್ನು ಒಪ್ಪುವ ಮೊದಲು ಈ ಮೂರು ಊರಿನ ಸುದ್ದಿ ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ನೋಡಬೇಕು. ಸುದ್ದಿಯ ವೇಗ ಬದಲಾಯಿತು, ನಿಜ. ಅದನ್ನು ಬರೆಯುವ ಕುರ್ಚಿ ಬದಲಾಯಿತೇ?

ಮೊದಲು ವಾರಪತ್ರಿಕೆಯ ಕತೆ. ೧೮೪೩ರ ಜುಲೈ ೧ರಂದು ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ತಂದದ್ದು ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ೧೮೬೭ರಲ್ಲಿ ಪ್ರೆಸ್ಸು ಮತ್ತು ಪುಸ್ತಕ ನೋಂದಣಿ ಕಾಯ್ದೆ ಬಂತು. ಯಾರು ಅಚ್ಚು ಹಾಕಿದರು, ಎಲ್ಲಿ ಹಾಕಿದರು ಎಂದು ಪ್ರತಿ ಹಾಳೆಯ ಮೇಲೂ ನಮೂದಿಸಬೇಕು ಎಂದು ಬ್ರಿಟಿಷರು ಹೇಳಿದ್ದು ನಮ್ಮ ಮೇಲಿನ ಪ್ರೀತಿಯಿಂದಲ್ಲ, ಹಿಡಿಯಲು ಅನುಕೂಲ ಆಗಲಿ ಅಂತ. ಆದರೆ ಅದರಿಂದ ಒಂದು ಒಳ್ಳೆಯದೂ ಆಯಿತು. ಪತ್ರಿಕೆ ಸುಳ್ಳು ಬರೆದರೆ ಯಾರ ಬಾಗಿಲು ತಟ್ಟಬೇಕು ಎಂದು ಓದುಗನಿಗೂ ತಿಳಿಯಿತು.

ಕರಾವಳಿಯ ಸಣ್ಣ ಊರಿನ ವಾರಪತ್ರಿಕೆ ಎಂದರೆ ಹೇಗಿರುತ್ತಿತ್ತು? ಪೇಟೆಯ ಒಂದು ಕೋಣೆ, ಒಂದು ಟ್ರೆಡಲ್ ಯಂತ್ರ, ಮರದ ಮನೆಗಳಲ್ಲಿ ಮೊಳೆ. ಸಂಪಾದಕ, ಮಾಲೀಕ, ಮುದ್ರಕ, ವರದಿಗಾರ, ಜಾಹೀರಾತಿನ ವಸೂಲಿದಾರ ಎಲ್ಲ ಒಬ್ಬನೇ. ಮೊಳೆ ಜೋಡಿಸುವ ಹುಡುಗ ಮಾತ್ರ ಬೇರೆ. ಅವನು ಬಡವರ ಮನೆಯವನು, ಅವನ ಬೆರಳಿಗೆ ಸೀಸದ ಕಪ್ಪು. ನಾಲ್ಕು ಪುಟದಲ್ಲಿ ಕೋರ್ಟು ನೋಟೀಸು, ಹರಾಜು, ತೇರಿನ ದಿನಾಂಕ, ಶ್ರದ್ಧಾಂಜಲಿ, ಯಕ್ಷಗಾನದ ಆಟದ ಪ್ರಕಟಣೆ. ನಮ್ಮ ಕೇರಿ ಬರುವುದು ಎರಡೇ ಸಂದರ್ಭದಲ್ಲಿ. ಕಳ್ಳಭಟ್ಟಿ ಹಿಡಿದಾಗ, ಇಲ್ಲವೇ ಹರಿಜನರಿಗೆ ಯಾರೋ ದೊಡ್ಡವರು ಸೀರೆ ಹಂಚಿದಾಗ. ಆರೋಪಿ ಆಗಬೇಕು, ಇಲ್ಲಾ ಕೈಯೊಡ್ಡಬೇಕು. ಮೂರನೆಯ ದಾರಿ ಇರಲಿಲ್ಲ.

ಹಾಗಂತ ವಾರಪತ್ರಿಕೆಯನ್ನು ಪೂರಾ ತಳ್ಳಿಹಾಕುವ ಹಾಗೂ ಇಲ್ಲ. ದಿನಕರ ದೇಸಾಯಿ ಈ ಜಿಲ್ಲೆಯ ಗೇಣಿದಾರರನ್ನು ಸಂಘಟಿಸಿದ್ದಕ್ಕೆ ೧೯೪೦ರಲ್ಲಿ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಅದೇ ಮನುಷ್ಯ ಮುಂದೆ ‘ಜನಸೇವಕ’ ಎಂಬ ವಾರಪತ್ರಿಕೆ ನಡೆಸಿದರು. ಅವರ ಚುಟುಕಗಳನ್ನು ಬಾಯಿಪಾಠ ಮಾಡಿದವರಿಗೆ ಈ ಪತ್ರಿಕೆಯ ನೆನಪು ಕಡಿಮೆ. ಚುಟುಕ ಸುಲಭ, ಗೇಣಿಯ ಲೆಕ್ಕ ಕಷ್ಟ! ಒಡೆಯನ ವಿರುದ್ಧ ಒಕ್ಕಲು ಬಾಯಿ ಬಿಟ್ಟದ್ದನ್ನು ಅಚ್ಚು ಹಾಕಲು ಒಂದು ಹಾಳೆ ಇತ್ತು ಎನ್ನುವುದೇ ಆ ಕಾಲಕ್ಕೆ ದೊಡ್ಡ ಮಾತು. ಇನ್ನು ಹೊನ್ನಾವರ ತಾಲೂಕಿನ ಕೆರೆಕೋಣದಲ್ಲಿ ಶಿಕ್ಷಕರಾಗಿದ್ದ ಆರ್.ವಿ. ಭಂಡಾರಿಯವರು ೧೯೭೯ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಂಡಾಯ ಸಾಹಿತ್ಯ ಸಂಘಟನೆಯ ಮಾತನ್ನು ಈ ಕರಾವಳಿಯ ತೋಟ-ಗದ್ದೆಗಳ ನಡುವೆ ತಂದರು. ಹಳ್ಳಿಯ ಮೇಷ್ಟರೊಬ್ಬರು ಏನು ಮಾಡಬಹುದು ಎನ್ನುವವರು ಕೆರೆಕೋಣಕ್ಕೆ ಒಮ್ಮೆ ಹೋಗಿ ಬರಲಿ.

ಉತ್ತರ ಕನ್ನಡ ಮುಂಬಯಿ ಇಲಾಖೆಯಲ್ಲಿತ್ತು ಎಂದೆನಲ್ಲ. ಅದೇ ಮುಂಬಯಿಯಲ್ಲಿ ಬಾಬಾಸಾಹೇಬರು ೧೯೨೦ರ ಜನವರಿ ೩೧ರಂದು ‘ಮೂಕನಾಯಕ’ ಪಾಕ್ಷಿಕ ತಂದರು. ಪತ್ರಿಕೆ ಬರುತ್ತಿದೆ ಎಂಬ ಜಾಹೀರಾತನ್ನು ಹಣ ಕೊಡುತ್ತೇವೆಂದರೂ ತಿಲಕರ ‘ಕೇಸರಿ’ ಹಾಕಲಿಲ್ಲ. ಆಮೇಲೆ ೧೯೨೭ರಲ್ಲಿ ‘ಬಹಿಷ್ಕೃತ ಭಾರತ’, ೧೯೩೦ರಲ್ಲಿ ‘ಜನತಾ’, ೧೯೫೬ರಲ್ಲಿ ‘ಪ್ರಬುದ್ಧ ಭಾರತ’. ಒಂದು ನಿಂತರೆ ಇನ್ನೊಂದು. ಕೇರಿಯವನ ಸುದ್ದಿಯನ್ನು ಕೇರಿಯವನೇ ಬರೆಯದೆ ಗತಿ ಇಲ್ಲ ಎಂದು ಅವರಿಗೆ ಗೊತ್ತಿತ್ತು. ಆ ಮರಾಠಿ ಹಾಳೆಗಳು ಅದೇ ಇಲಾಖೆಯ ದಕ್ಷಿಣ ತುದಿಯಲ್ಲಿದ್ದ ನಮ್ಮ ಕೇರಿಗಳಲ್ಲಿ ಕನ್ನಡವಾಗಲು ಅರ್ಧ ಶತಮಾನ ಬೇಕಾಯಿತು. ೧೯೭೩ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚಿದೆ ಎಂದರು. ಒಂದು ಶಬ್ದ ಹಿಡಿದು ಪತ್ರಿಕೆಗಳು ಎಬ್ಬಿಸಿದ ಗದ್ದಲದಲ್ಲಿ ಹಾಸ್ಟೆಲ್ಲಿನ ನಮ್ಮ ಹುಡುಗರು ಪೆಟ್ಟು ತಿಂದರು, ಮಂತ್ರಿ ರಾಜೀನಾಮೆ ಕೊಟ್ಟರು. ಪೂರ್ತಿ ಭಾಷಣವನ್ನು ಓದಿ ಸಿಟ್ಟಾದವರು ಎಷ್ಟು ಮಂದಿ ಇದ್ದರೋ! ನಮ್ಮ ಚಳವಳಿಗೂ, ನಮ್ಮ ಸಣ್ಣ ಪತ್ರಿಕೆಗಳಿಗೂ ಕಿಚ್ಚು ಹತ್ತಿದ್ದು ಅಲ್ಲಿಂದ. ಅದು ಮೊಬೈಲು ಇಲ್ಲದ ಕಾಲ ಎಂಬುದನ್ನು ನೆನಪಿಡಿ. ಸುಳ್ಳಿಗೆ ಇಂಟರ್‌ನೆಟ್ಟೇ ತಾಯಿ ಎಂದು ದೂರುವವರಿಗೆ ಇದು ಉತ್ತರ.

ಆದರೂ ಒಂದು ವ್ಯತ್ಯಾಸ ಇದೆ, ಅದನ್ನು ಬಿಡಿಸಿ ಹೇಳಬೇಕು. ವಾರಪತ್ರಿಕೆಯ ಆಸ್ತಿ ಅದರ ಏಳು ದಿನ. ಸೋಮವಾರ ಕೇಳಿದ ಸುದ್ದಿ ಶುಕ್ರವಾರದ ಹಾಳೆಗೆ ಹೋಗುವ ಮೊದಲು ನಾಲ್ಕು ದಿನ ಮೇಜಿನ ಮೇಲೆ ಬಿದ್ದಿರುತ್ತಿತ್ತು. ಅಷ್ಟರಲ್ಲಿ ಸಂತೆಯಲ್ಲಿ ಒಬ್ಬ ಸಿಕ್ಕಿ, ‘ಹಂಗಲ್ಲ ಮಾರಾಯ್ರೇ, ನಡೆದದ್ದು ಬೇರೆ’ ಅಂತ ಹೇಳುತ್ತಿದ್ದ. ಮನಸ್ಸಿದ್ದ ಸಂಪಾದಕ ಸೈಕಲ್ ಹತ್ತಿ ಕೇರಿಗೂ ಹೋಗಬಹುದಿತ್ತು. ಮನಸ್ಸಿದ್ದವರು ಕಡಿಮೆ, ಆದರೆ ಸಮಯ ಇತ್ತು. ೧೯೮೦ರಲ್ಲಿ ಲಂಕೇಶ್ ಜಾಹೀರಾತಿಲ್ಲದೆ ವಾರಪತ್ರಿಕೆ ಮಾಡಿ ತೋರಿಸಿದ್ದೂ ಇದನ್ನೇ: ದಿನಪತ್ರಿಕೆ ಮಂತ್ರಿಯ ಹೇಳಿಕೆ ಹಾಕುವಷ್ಟರಲ್ಲಿ ವಾರಪತ್ರಿಕೆ ಮಂತ್ರಿಯ ಊರಿಗೆ ಹೋಗಿ ಬರಬಹುದು.

ಈಗ ಆನ್‌ಲೈನಿಗೆ ಬರೋಣ. ಈ ಮೂರು ಊರಲ್ಲಿ ಇದರ ರುಚಿ ಮೊದಲು ಹತ್ತಿದ್ದು ಭಟ್ಕಳಕ್ಕೆ. ಅದಕ್ಕೆ ಕಾರಣ ಹೊಟ್ಟೆಪಾಡು. ಮನೆಗೊಬ್ಬರಂತೆ ದುಬೈ, ಸೌದಿಗೆ ಹೋದ ನವಾಯತ ಹುಡುಗರಿಗೆ ಊರಿನ ಮದುವೆ, ಸಾವು, ಮಳೆ, ಜಗಳ ಎಲ್ಲ ಬೇಕಿತ್ತು. ಅಂಚೆಯಲ್ಲಿ ಹೋಗುವ ಪತ್ರಿಕೆ ಎಷ್ಟು ದಿನಕ್ಕೆ ತಲುಪೀತು? ‘ಭಟ್ಕಳೀಸ್’, ‘ಸಾಹಿಲ್ ಆನ್‌ಲೈನ್’ನಂಥ ಜಾಲತಾಣಗಳು ಈ ಹಸಿವಿನಿಂದ ಬೆಳೆದವು, ಸಾಹಿಲ್ ಉರ್ದು, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಸುದ್ದಿ ಕೊಡುತ್ತಿದೆ. ಇದಕ್ಕೆ ಇನ್ನೊಂದು ಕಾರಣವೂ ಇತ್ತು. ೧೯೯೩ರಲ್ಲಿ ತಿಂಗಳುಗಟ್ಟಲೆ ಊರು ಹೊತ್ತಿ ಉರಿದ ಮೇಲೆ ಹೊರಗಿನ ಪತ್ರಿಕೆಗಳಿಗೆ ಭಟ್ಕಳ ಅಂದರೆ ಗಲಭೆ. ಆಮೇಲೆ ಭಯೋತ್ಪಾದನೆಯ ಕೇಸುಗಳಲ್ಲಿ ಬೇಕಾದವರ ಹೆಸರಿನ ಹಿಂದೆ ಊರಿನ ಹೆಸರು ಅಂಟಿಕೊಂಡಿತು. ೨೦೧೩ರಲ್ಲಿ ಯಾಸೀನನನ್ನು ಹಿಡಿದಾಗ ದೆಹಲಿಯ ಟಿ.ವಿ.ಗಳು ದಿನವಿಡೀ ‘ಭಟ್ಕಳ್, ಭಟ್ಕಳ್’ ಎಂದು ಕೂಗಿದವು. ಒಂದಿಡೀ ಊರನ್ನೇ ಅಪರಾಧಿಯ ಅಡ್ಡಹೆಸರು ಮಾಡಿದರು. ಮಲ್ಲಿಗೆ ಮಾರುವವಳು, ಮೀನು ಹೊರುವವಳು, ನಾಮಧಾರಿ ರೈತ, ಗೊಂಡ, ಮೊಗೇರ ಎಲ್ಲರೂ ಆ ಹೆಸರಿನೊಳಗೆ ಬಿದ್ದರು. ಕೇರಿಯ ಹೆಸರು ಕೇಳಿದ ಕೂಡಲೇ ಮುಖ ತಿರುಗಿಸುವುದನ್ನು ತಲೆತಲಾಂತರದಿಂದ ಕಂಡ ನಮಗೆ ಇದರ ನೋವು ಬೇಗ ತಿಳಿಯುತ್ತದೆ. ಊರಿನವರೇ ಊರಿನ ಸುದ್ದಿ ಬರೆಯುತ್ತೇವೆ ಎಂದು ಎದ್ದದ್ದು ತಪ್ಪಲ್ಲ.

ಆಮೇಲೆ ಹೊನ್ನಾವರ, ಕುಮಟಾದ ವಾರಪತ್ರಿಕೆಗಳಿಗೂ ಇದೇ ಹಾದಿ. ಹಾಳೆಯ ಬೆಲೆ ಏರಿತು, ಚಂದಾ ಕಟ್ಟುವ ಹಳಬರು ತೀರಿಕೊಂಡರು, ಮಕ್ಕಳು ಬೆಂಗಳೂರಿಗೆ ಹೋದರು. ವಾರಕ್ಕೊಮ್ಮೆ ಬರುವ ಹಾಳೆ ನೋಂದಣಿಗೆ, ಸರ್ಕಾರಿ ಜಾಹೀರಾತಿಗೆ ಉಳಿಯಿತು. ಓದುಗ ಮೊಬೈಲಿಗೆ ಹೋದ. ಇಂಥ ಸುದ್ದಿಮನೆ ಹೇಗೆ ನಡೆಯುತ್ತದೆ ಎಂದು ತಿಳಿಯದವರಿಗೆ ಸ್ವಲ್ಪ ಹೇಳುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ವಾಟ್ಸಾಪ್ ಗುಂಪುಗಳು. ಪೊಲೀಸರ ಪ್ರಕಟಣೆ, ಶಾಸಕರ ಕಚೇರಿಯ ಫೋಟೋ, ಮಠದ ಕಾರ್ಯಕ್ರಮ, ಹೆದ್ದಾರಿಯ ಅಪಘಾತದ ವಿಡಿಯೋ. ಕೂತಲ್ಲಿಂದ ಏಳದೆ ಹತ್ತು ಸುದ್ದಿ ಆಗುತ್ತದೆ. ತಲೆಬರಹ ಏರಿಸಿ, ಚಿತ್ರ ಹಾಕಿ, ಕೊಂಡಿಯನ್ನು ಮತ್ತೆ ಇಪ್ಪತ್ತು ಗುಂಪಿಗೆ ಎಸೆಯಬೇಕು. ಎಷ್ಟು ಜನ ತೆರೆದರು ಅಂತ ಪರದೆಯ ಮೇಲೆ ಅಂಕಿ ಓಡುತ್ತದೆ. ಈ ಅಂಕಿಯೇ ಹೊಸ ದಣಿ. ಅಪಘಾತದ ರಕ್ತ ಸಾವಿರ ಜನರನ್ನು ತರುತ್ತದೆ. ಕೇರಿಗೆ ಕುಡಿಯುವ ನೀರು ಬಾರದ ಸುದ್ದಿಯನ್ನು ಕೇರಿಯವರೇ ಓದಬೇಕು. ತಾಲೂಕು ಕಚೇರಿಗೆ ನಡೆದು ಪಹಣಿ ನೋಡಿ ಬರುವ ವರದಿಗೆ ಎರಡು ದಿನ, ಪೆಟ್ರೋಲು, ಒಂದು ಹಗೆ. ಸಂಬಳ? ಹಳ್ಳಿಯ ವರದಿಗಾರನಿಗೆ ಸಂಬಳ ಎಂಬುದು ಅವನು ತಂದ ಜಾಹೀರಾತಿನ ಪಾಲು. ಯಾರ ಜಾಹೀರಾತು ತರುತ್ತಾನೋ ಅವರ ಗೇಣಿಯ, ಅವರ ಕಲ್ಲು ಕೋರೆಯ ಸುದ್ದಿ ಅವನು ಹೇಗೆ ಬರೆದಾನು?

ಅಕ್ಷರದ ಕಷ್ಟ ಬೇರೆ. ಹಾಳೆಯ ಪುಟ ಕಟ್ಟುವುದು ನುಡಿ ಅಕ್ಷರದಲ್ಲಿ, ಜಾಲತಾಣಕ್ಕೆ ಯೂನಿಕೋಡ್ ಬೇಕು. ಬದಲಾಯಿಸುವಾಗ ಒತ್ತಕ್ಷರ ಮುರಿದು ‘ಅರ್ಜಿ’ ಇನ್ನೇನೋ ಆಗುತ್ತದೆ, ಅವಸರದಲ್ಲಿ ತಿದ್ದುವವರಿಲ್ಲ. ಹಳೆಯ ಸಂಚಿಕೆಗಳು ಗೆದ್ದಲಿಗೆ ಹೋದವು, ಉಳಿದವು ಹುಡುಕಲು ಬಾರದ ಕಡತಗಳಲ್ಲಿ ಬಿದ್ದಿವೆ. ೧೯೭೪ರ ಭೂಸುಧಾರಣೆಯ ಮೇಲೆ ಯಾವ ಗೇಣಿದಾರ ಡಿಕ್ಲರೇಶನ್ ಕೊಟ್ಟ, ಯಾರನ್ನು ಹೆದರಿಸಿ ಹಿಂದಕ್ಕೆ ತೆಗೆಸಿದರು ಎಂದು ನಮ್ಮ ವಿದ್ಯಾರ್ಥಿಯೊಬ್ಬ ಹುಡುಕಿದರೆ ಪರದೆಯ ಮೇಲೆ ಏನೂ ಬರುವುದಿಲ್ಲ. ಆನ್‌ಲೈನಿನಲ್ಲಿ ಇಲ್ಲದ್ದು ನಡೆದೇ ಇಲ್ಲ ಎನ್ನುವ ಕಾಲ ಇದು. ಮೊದಲು ಬರೆಯದೆ ಅಳಿಸಿದರು, ಈಗ ಏರಿಸದೆ ಅಳಿಸುತ್ತಾರೆ.

೨೦೧೭ರ ಡಿಸೆಂಬರಿಗೆ ಬರುತ್ತೇನೆ. ಈ ಬರಹದ ಹುಣ್ಣು ಇರುವುದೇ ಅಲ್ಲಿ. ಡಿಸೆಂಬರ್ ೬ರಂದು ಹೊನ್ನಾವರದಲ್ಲಿ ಎರಡು ಕೋಮಿನವರ ನಡುವೆ ಘರ್ಷಣೆ ಆಯಿತು. ಅಂದು ಕಾಣೆಯಾದ ಮೀನುಗಾರ ಸಮುದಾಯದ ಯುವಕನೊಬ್ಬನ ಶವ ೮ರಂದು ಊರಿನ ಕೆರೆಯಲ್ಲಿ ಸಿಕ್ಕಿತು. ಬಡವರ ಮನೆಯ ಮಗ. ಆ ತಾಯಿತಂದೆಯ ದುಃಖದ ಮುಂದೆ ಯಾರೂ ತಲೆ ತಗ್ಗಿಸಬೇಕು. ಆದರೆ ದುಃಖಕ್ಕೆ ಸಮಯ ಕೊಟ್ಟವರಾರು? ಕುದಿಯುವ ಎಣ್ಣೆ ಸುರಿದರು, ಅಂಗ ಕತ್ತರಿಸಿದರು ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹಾರಿತು. ನೀರಿನಲ್ಲಿ ಎರಡು ದಿನ ಇದ್ದ ಹೆಣ ಹೇಗೆ ಬಣ್ಣಗೆಡುತ್ತದೆ ಎಂದು ಕಡಲಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ; ಆದರೆ ಚಿತ್ರ ಕೈಗೆ ಬಂದಾಗ ಅದರ ಜೊತೆ ಅರ್ಥವೂ ಸಿದ್ಧವಾಗಿ ಬಂದಿತ್ತು. ಸಂಸದರಾದಿಯಾಗಿ ದೊಡ್ಡವರು ಅದನ್ನೇ ಬರೆದರು. ಶವಪರೀಕ್ಷೆ ಮಾಡಿದ ವೈದ್ಯರನ್ನು ಕೇಳಿ ಪೊಲೀಸರು ಪ್ರಶ್ನೋತ್ತರ ರೂಪದಲ್ಲಿ ಸ್ಪಷ್ಟನೆ ಕೊಟ್ಟರು: ಎಣ್ಣೆ ಸುರಿದದ್ದಿಲ್ಲ, ಅಂಗ ಕತ್ತರಿಸಿದ್ದಿಲ್ಲ. ಒಣ ಸರ್ಕಾರಿ ಭಾಷೆಯ ಆ ಹಾಳೆಯನ್ನು ಯಾರು ಮುಂದಕ್ಕೆ ಕಳಿಸುತ್ತಾರೆ? ೧೧ರಂದು ಕುಮಟಾದಲ್ಲಿ ಕಲ್ಲು ಬಿತ್ತು, ಪೊಲೀಸ್ ಐ.ಜಿ.ಯ ಕಾರು ಸುಟ್ಟರು. ೧೨ಕ್ಕೆ ಬೆಂಕಿ ಘಟ್ಟ ಹತ್ತಿ ಶಿರಸಿಗೆ ಹೋಯಿತು. ಮುಂದಿನ ಮೇ ತಿಂಗಳಲ್ಲಿ ವಿಧಾನಸಭಾ ಚುನಾವಣೆ ಇತ್ತು ಎನ್ನುವುದನ್ನು ನಾನು ಹೊಸದಾಗಿ ಹೇಳಬೇಕಾಗಿಲ್ಲ.

ಶವ ಸಿಕ್ಕದ್ದಕ್ಕೂ ಕುಮಟಾದ ಬೆಂಕಿಗೂ ನಡುವೆ ಮೂರು ದಿನ. ಹಳೆಯ ವಾರಪತ್ರಿಕೆಯಾಗಿದ್ದರೆ ಆ ಮೂರು ದಿನದಲ್ಲಿ ಅದರ ಮೇಜಿನ ಮೇಲೆ ಎರಡೂ ಕಡೆಯ ಮಾತು ಬಂದು ಬೀಳುತ್ತಿತ್ತು. ಅದು ನಿಜ ಬರೆಯುತ್ತಿತ್ತು ಅಂತ ನಾನು ಆಣೆ ಹಾಕಲಾರೆ. ಬರೆಯದಿರಲು ನೆಪ ಇರುತ್ತಿರಲಿಲ್ಲ ಅಂತ ಹಾಕಬಲ್ಲೆ. ಆನ್‌ಲೈನ್ ಕೋಣೆಯಲ್ಲಿ ಕೂತವನಿಗೆ ನೆಪ ಇದೆ: ‘ಪಕ್ಕದವರು ಹಾಕಿಬಿಟ್ಟರು, ನಾವು ಹಾಕದಿದ್ದರೆ ಆಗ್ತದ?’ ಕಲ್ಲು ಹಿಡಿದ ಕೈಗಳು, ಕೇಸು ಬಿದ್ದ ಹೆಸರುಗಳು ಹಿಂದುಳಿದವರ, ಬಡವರ ಮನೆಯ ಹುಡುಗರದ್ದು ಎಂದು ಈ ಕರಾವಳಿಯಲ್ಲಿ ಓಡಾಡಿದವರು ಹೇಳುತ್ತಾರೆ. ಭಾಷಣ ಮಾಡಿದವರ ಮಕ್ಕಳು ಕೋರ್ಟಿನ ಕಟ್ಟೆಯಲ್ಲಿ ಕೂತದ್ದನ್ನು ನಾನಂತೂ ಕಂಡಿಲ್ಲ.

ಹಾಗಾದರೆ ಆ ಕೋಣೆಯಲ್ಲಿ ಕೂರುವವರು ಯಾರು? ೧೯೯೬ರಲ್ಲಿ ಬಿ.ಎನ್. ಉನಿಯಾಲ್ ಎಂಬ ಪತ್ರಕರ್ತ ದೆಹಲಿಯಲ್ಲಿ ಸರ್ಕಾರದ ಮಾನ್ಯತೆ ಪಡೆದ ೬೮೬ ಪತ್ರಕರ್ತರ ಪಟ್ಟಿ ಹಿಡಿದು ಒಬ್ಬ ದಲಿತನಿಗಾಗಿ ಹುಡುಕಿದರು. ಒಬ್ಬನೂ ಸಿಗಲಿಲ್ಲ. ೨೦೦೬ರಲ್ಲಿ ಯೋಗೇಂದ್ರ ಯಾದವ್, ಅನಿಲ್ ಚಮಾಡಿಯಾ ಮತ್ತಿತರರು ೩೭ ರಾಷ್ಟ್ರೀಯ ಮಾಧ್ಯಮ ಸಂಸ್ಥೆಗಳ ೩೧೫ ಮುಖ್ಯಸ್ಥರನ್ನು ಎಣಿಸಿದರು. ದಲಿತರು, ಆದಿವಾಸಿಗಳು ಸೊನ್ನೆ. ೨೦೧೯ರಲ್ಲಿ ಆಕ್ಸ್‌ಫಾಮ್ ಮತ್ತು ನ್ಯೂಸ್‌ಲಾಂಡ್ರಿ ಡಿಜಿಟಲ್ ಸುದ್ದಿಮನೆಗಳನ್ನೂ ಸೇರಿಸಿ ೧೨೧ ಮುಖ್ಯ ಸ್ಥಾನಗಳನ್ನು ನೋಡಿದಾಗ ೧೦೬ ಮೇಲ್ಜಾತಿ, ಪರಿಶಿಷ್ಟ ಜಾತಿ-ಪಂಗಡ ಮತ್ತೆ ಸೊನ್ನೆ. ಇವು ದೆಹಲಿಯ ಲೆಕ್ಕ. ನಮ್ಮ ಮೂರು ತಾಲೂಕಿನ ಲೆಕ್ಕವನ್ನು ಮೇಷ್ಟರುಗಳು, ವಿದ್ಯಾರ್ಥಿಗಳು ಒಂದು ಭಾನುವಾರ ಕೂತು ಮಾಡಬಹುದು. ಹೆಚ್ಚು ಬೆರಳು ಬೇಕಾಗಲಿಕ್ಕಿಲ್ಲ.

ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎನ್ನುವುದು ಸುದ್ದಿಯ ಮೈಯಲ್ಲೇ ಕಾಣುತ್ತದೆ. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರು ಬೇಡ ಎಂದು ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ. ಮೀನು ಒಣಗಿಸುವ ಮರಳಿನ ಮೇಲೆ ರಸ್ತೆ ಹಾಕಲು ಪೊಲೀಸರ ಸಮೇತ ಬಂದಾಗ ಹೆಂಗಸರು ಸಮುದ್ರಕ್ಕೆ ಇಳಿದರು. ಆ ದಿನ ಅದು ಸುದ್ದಿ. ಮಾರನೇ ದಿನ ‘ಅಭಿವೃದ್ಧಿಗೆ ಅಡ್ಡಿ’. ಒಣಮೀನಿನ ವ್ಯಾಪಾರ ಎಂದರೆ ಏನು, ಆ ಮರಳು ಹೋದರೆ ಎಷ್ಟು ಹೆಂಗಸರ ಕೈ ಖಾಲಿ ಎಂದು ಕೂತು ಕೇಳಿದ ವರದಿ ಎಷ್ಟು? ಹಾಲಕ್ಕಿ ಒಕ್ಕಲಿಗರು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ದಶಕಗಳಿಂದ ಕೇಳುತ್ತಾ ಬಂದಿದ್ದಾರೆ. ೨೦೨೧ರಲ್ಲಿ ಅಂಕೋಲೆಯ ತುಳಸಿ ಗೌಡರು ಬರಿಗಾಲಲ್ಲಿ ರಾಷ್ಟ್ರಪತಿ ಭವನದಲ್ಲಿ ನಡೆದ ಚಿತ್ರ ಲಕ್ಷ ಮೊಬೈಲಿಗೆ ಹೋಯಿತು. ಬರಿಗಾಲನ್ನು ಹೊಗಳಿದರು. ಬೇಡಿಕೆಯನ್ನು ಆ ಚಿತ್ರದ ಕೆಳಗೆ ಬರೆದವರು ಕಮ್ಮಿ.

ಭಟ್ಕಳದ ಮೊಗೇರರ ಪ್ರಶ್ನೆ ಇನ್ನೂ ಕಠಿಣ, ಯಾಕಂದ್ರೆ ಅದರಲ್ಲಿ ನಮ್ಮವರೇ ಎದುರಾಬದುರಾ ನಿಂತಿದ್ದಾರೆ. ೧೯೭೬ರ ತಿದ್ದುಪಡಿ ಕಾಯ್ದೆ ಪರಿಶಿಷ್ಟ ಜಾತಿಪಟ್ಟಿಗಿದ್ದ ಪ್ರದೇಶದ ಮಿತಿ ತೆಗೆದಾಗ, ಪಟ್ಟಿಯಲ್ಲಿದ್ದ ‘ಮೊಗೇರ’ ಎಂಬ ಹೆಸರು ಇಲ್ಲಿನ ಮೀನುಗಾರ ಮೊಗೇರರಿಗೂ ಅನ್ವಯಿಸುತ್ತದೆಂದು ಪ್ರಮಾಣಪತ್ರ ಸಿಗತೊಡಗಿತು. ದಕ್ಷಿಣ ಕನ್ನಡದ ಅಸ್ಪೃಶ್ಯ ಮೊಗೇರರು ಬೇರೆ, ಇವರು ಬೇರೆ ಎಂದು ದಲಿತ ಸಂಘಟನೆಗಳು ಆಕ್ಷೇಪ ಎತ್ತಿದವು. ಪ್ರಮಾಣಪತ್ರ ನಿಂತಿತು. ೨೦೨೨ರಲ್ಲಿ ಮೊಗೇರರು ಭಟ್ಕಳದಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. ನನ್ನ ನಿಲುವು ದಲಿತ ಸಂಘಟನೆಗಳ ಕಡೆಗಿದೆ. ಅಸ್ಪೃಶ್ಯತೆ ಉಂಡವನ ತಟ್ಟೆ ಅದು. ಆದರೆ ಬಲೆ ಹೊತ್ತ ಮೊಗೇರನೂ ಸಾಹುಕಾರನಲ್ಲ, ಅವನ ಮಗ ಶಾಲೆ ಬಿಟ್ಟದ್ದೂ ಸುಳ್ಳಲ್ಲ. ೧೯೫೦ರ ಆದೇಶ, ೧೯೭೬ರ ಕಾಯ್ದೆ, ಹಳೆಯ ಗೆಜೆಟಿಯರು, ಎರಡೂ ಕೇರಿಯ ಮುದುಕರ ಮಾತು, ಇಷ್ಟನ್ನೂ ಎದುರಿಟ್ಟು ಬರೆಯಲು ವಾರ ಬೇಕು. ಧರಣಿಯ ಒಂದು ಫೋಟೋ, ಎರಡು ಸಾಲು ಘೋಷಣೆ ಹಾಕಿದರೆ ಬಡವನ ಮೇಲೆ ಬಡವನನ್ನು ಬಿಟ್ಟ ಹಾಗೆ ಆಗುತ್ತದೆ. ವಾರಪತ್ರಿಕೆ ಎಂದು ಹೆಸರಿಟ್ಟುಕೊಂಡವರು ಇದಕ್ಕಾದರೂ ಆ ವಾರವನ್ನು ಖರ್ಚು ಮಾಡಬಾರದೇ? ನಿಮಿಷದ ಸುದ್ದಿ ನಿಮಿಷಕ್ಕೆ ಹೋಗಲಿ, ಅಪಘಾತ, ಮಳೆ, ಶಾಲೆಗೆ ರಜೆ. ಉಳಿದದ್ದಕ್ಕೆ ಹಳೆಯ ಶುಕ್ರವಾರವನ್ನೇ ಇಟ್ಟುಕೊಳ್ಳಬಹುದು.

ಸರ್ಕಾರ ನೋಡಿಕೊಳ್ಳುತ್ತದೆ ಎಂದು ಕೂರುವ ಹಾಗಿಲ್ಲ. ೨೦೨೧ರಲ್ಲಿ ಡಿಜಿಟಲ್ ಸುದ್ದಿಗೆ ಕೇಂದ್ರ ನಿಯಮ ಮಾಡಿತು; ಓದುಗ ದೂರು ಕೊಟ್ಟರೆ ೧೫ ದಿನದಲ್ಲಿ ತೀರ್ಮಾನಿಸಬೇಕು ಎಂದಿತು. ಅದರ ಜೊತೆಗೇ ಮೇಲೆ ಕೂತು ಕತ್ತರಿ ಆಡಿಸುವ ಅಧಿಕಾರವನ್ನೂ ಇಟ್ಟುಕೊಂಡಿತು. ಅದೇ ವರ್ಷ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟು ಆ ಭಾಗದ ಮುಖ್ಯ ನಿಯಮಗಳಿಗೆ ತಡೆ ಕೊಟ್ಟಿತು. ಒಳ್ಳೆಯದೇ ಆಯಿತು. ದೆಹಲಿಯ ಕತ್ತರಿ ಕೊನೆಗೆ ಬೀಳುವುದು ನಮ್ಮಂಥವರ ಹಾಳೆಯ ಮೇಲೇ.

ಹಳೆಯ ಹಾಳೆಯಲ್ಲಿ ತಪ್ಪಾದರೆ ಮುಂದಿನ ವಾರ ಮೂಲೆಯಲ್ಲಿ ‘ತಿದ್ದುಪಡಿ’ ಎಂದು ಎರಡು ಸಾಲು ಬರುತ್ತಿತ್ತು. ಸಣ್ಣಕ್ಷರ, ಆದರೂ ಅಚ್ಚಾದದ್ದು. ಆನ್‌ಲೈನಿನಲ್ಲಿ ತಪ್ಪು ಸುದ್ದಿಯನ್ನು ಸದ್ದಿಲ್ಲದೆ ತೆಗೆಯುತ್ತಾರೆ, ಇಲ್ಲವೇ ಹಾಗೆಯೇ ಬಿಡುತ್ತಾರೆ. ೨೦೨೨ರ ಅಕ್ಟೋಬರಿನಲ್ಲಿ ಸಿ.ಬಿ.ಐ. ಹೊನ್ನಾವರದ ಯುವಕನ ಸಾವಿನ ತನಿಖೆ ಮುಗಿಸಿ ಕೋರ್ಟಿಗೆ ವರದಿ ಕೊಟ್ಟಿತು: ಕೊಲೆಯಲ್ಲ, ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿ ಆದ ಸಾವು. ಸುಮಾರು ಐದು ವರ್ಷದ ನಂತರ ಬಂದ ಈ ಸುದ್ದಿ ಒಂದೆರಡು ದಿನ ಓಡಿ ಕೆಳಗೆ ಜಾರಿತು. ೨೦೧೭ರ ಡಿಸೆಂಬರಿನಲ್ಲಿ ಏರಿಸಿದ ಎಣ್ಣೆಯ, ಕತ್ತಿಯ ಸುದ್ದಿಗಳು ಹುಡುಕಿದರೆ ಈಗಲೂ ಸಿಗುತ್ತವೆ. ಪ್ರತಿಯೊಂದರ ಕೆಳಗೂ ದಿನಾಂಕ ಹಾಕಿ, ತನಿಖೆಯಲ್ಲಿ ಹೀಗೆ ತಿಳಿಯಿತು ಎಂದು ಒಂದು ಸಾಲು ಸೇರಿಸುವುದು ಒಬ್ಬ ಮನುಷ್ಯನಿಗೆ ಒಂದು ವಾರದ ಕೆಲಸ. ಅದಕ್ಕಾಗಿ ಕೂತವರು ಈ ಮೂರೂ ಊರಿನಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.